ಮುಂಜಾನಿ ಧಾರವಾಡ, ಸಂಜಿ ಹುಬ್ಬಳ್ಳಿ

ಹುಬ್ಬಳ್ಯಾಗ ಎರಡ ಕಾಲ ಅಂತ ನಮ್ಮ ಮಂದಿ ಚಾಷ್ಟಿ ಮಾಡ್ತಾರ, ಒಂದು ರಾಡಿ ಕಾಲ, ಇನ್ನೊಂದು ಧೂಳಿನ ಕಾಲ. ಮಿರಗದ ಮಳಿ ಹಿಡದ್ರ ದಸರಾ ತನಕ ರಾಡಿ, ಸಂಕ್ರಾಂತಿ ಆದ ಮ್ಯಾಲ ಧೂಳ ಶುರು ಆತಂದ್ರ ಮತ್ತ ಮಳಿ ಬರೋತನಕ ಗಾಡಿ ಮ್ಯಾಲ ಕಣ್ಣ ಬಿಟ್ಟು ಹೋಗೋಹಂಗಿಲ್ಲ. ಆದ್ರ ಇವೆರಡರ ನಡುವ, ದೀಪಾವಳಿ ಪಾಡ್ಯದಿಂದ ಹಿಡದು ಛಟ್ಟಿ ಅಮಾಸಿ ತನಕ ಕಾರ್ತಿಕದ ಒಂದು ತಿಂಗಳ ಸಿಗ್ತೈತಿ ನೋಡ್ರಿ, ನೆಲ ಒಣಗಿರ್ತೈತಿ ಖರೆ ಪುಡಿ ಆಗಿರೋದಿಲ್ಲ, ಗಿಡ ಇನ್ನೂ ಹಸರ ಇರ್ತಾವ, ಬಿಸಲಿದ್ರೂ ಮೈ ಸುಡೋದಿಲ್ಲ, ರಾತ್ರಿ 17-18 ಡಿಗ್ರಿಗೆ ಇಳದು ಬೆಳಗಿನ ಜಾವಕ್ಕ ಕೌದಿ ಎಳಕೊಳ್ಳಬೇಕನಸ್ತೈತಿ. ನನ್ನ ಕೇಳಿದ್ರ ಈ ಜೋಡಿ ಊರಾಗ ಕಾಲ್ನಡಿಗಿ ಮ್ಯಾಲ ಅಡ್ಡಾಡಾಕ ಬರೋದು ಇದೊಂದ ತಿಂಗಳ, ಉಳದಿದ್ದೆಲ್ಲ ಬರೇ ಕೆಲಸಕ್ಕ ಹೋಗಿ ಮನಿ ಮುಟ್ಟೋ ತಿಂಗಳಾ.

ಮತ್ತ ಇದ ಹೊತ್ತಿಗೆ ಬೆಂಗಳೂರು ಪುಣೆ ಕಡೆಯಿಂದ ಯಾರರೆ ಸಂಬಂಧಿಕರು ಫೋನ್ ಮಾಡೇ ಮಾಡ್ತಾರ, "ಎರಡು ದಿನ ರಜಾ ಅದ, ನಿಮ್ಮ ಕಡೆ ಬರ್ತೀವಿ, ನೋಡೋದು ಏನೈತಿ?" ಅಂತ. ನೋಡೋದು ಏನೈತಿ ಅಂದ್ರ ಏನ ಹೇಳೋದ್ರಿ, ಅರಮನಿ ಇಲ್ಲ, ಸಮುದ್ರ ಇಲ್ಲ, ಜಲಪಾತ ಇಲ್ಲ. 1962ರಾಗ ಎರಡೂ ಊರು ಕೂಡಿಸಿ ಒಂದ ಪಾಲಿಕೆ ಮಾಡಿದ್ರು, ಬೆಂಗಳೂರು ಬಿಟ್ರ ರಾಜ್ಯದಾಗ ದೊಡ್ಡದು ಅಂತ ಹೆಸರಿತ್ತು, ಆದ್ರ ಟೂರಿಸ್ಟ್ ಬೋರ್ಡಿಗೆ ಹಚ್ಚೋವಂಥಾ ಫೋಟೊ ಕೇಳಿದ್ರ ನಾವು ಮಾರಿ ಮಾರಿ ನೋಡಕೋತ ಕೂಡ್ತೀವಿ. ಅದಕ್ಕ ನಾನು ಜಾಗದ ಲಿಸ್ಟ್ ಕೊಡೋದ ಬಿಟ್ಟೀನಿ. ಹೊತ್ತಿನ ಲೆಕ್ಕ ಹೇಳ್ತೀನಿ. ಮುಂಜಾನಿ ಧಾರವಾಡದಾಗ ಇರ್ರಿ, ಸಂಜಿಮುಂದ ಹುಬ್ಬಳ್ಯಾಗ ಇರ್ರಿ, ಇದನ್ನ ಉಲ್ಟಾ ಮಾಡಿದ್ರ ಎರಡೂ ಊರು ನಿಮಗ ದಕ್ಕೋದಿಲ್ಲ.

ಬಂದವರೆಲ್ಲ ಉಲ್ಟಾನ ಮಾಡ್ತಾರ, ಅದ ನನ್ನ ತಕರಾರು. ರಾತ್ರಿ ಟ್ರೇನಿಗೆ ಹತ್ತಿ ಬೆಳಗ್ಗೆ ಹುಬ್ಬಳ್ಯಾಗ ಇಳೀತಾರ, ಲಾಡ್ಜ್ ಹಿಡೀತಾರ, ನಾಷ್ಟಾ ಮಾಡ್ತಾರ, ಹನ್ನೊಂದರ ಬಿಸಲಾಗ ಲಾರಿ ಟೆಂಪೊ ನಡುವ ಹುಬ್ಬಳ್ಳಿ ನೋಡ್ತಾರ, ಆ ಹೊತ್ತಿಗೆ ಹುಬ್ಬಳ್ಳಿ ಅಂದ್ರ ಮಾಲ ಇಳಸೋ ಊರು, ನಿಮ್ಮ ಕಡೆ ತಿರುಗಿ ನೋಡಾಕೂ ಅದಕ್ಕ ಪುರಸೊತ್ತು ಇರೋದಿಲ್ಲ. ಆಮ್ಯಾಲ ಮಧ್ಯಾಹ್ನ ಉಂಡು ಧಾರವಾಡಕ್ಕ ಹೋಗ್ತಾರ, ಅಲ್ಲಿ ಆ ಹೊತ್ತಿಗೆ ಅರ್ಧಾ ಊರು ಮಲಗಿರ್ತೈತಿ. ವಾಪಸ್ ಹೋಗಿ "ಏನಿಲ್ಲ ಬಿಡು ಅಲ್ಲಿ, ಪೇಡೆ ತಂದ್ವಿ" ಅಂತಾರ.

ನಾನು ಇರೋದು ಹುಬ್ಬಳ್ಯಾಗ, ಕೆಲಸ ಧಾರವಾಡದಾಗ, ಹಂಗಾಗಿ ದಿನಾ ಈ ಲೆಕ್ಕಕ್ಕ ಸರಿಯಾಗೇ ಅಡ್ಡಾಡ್ತೀನಿ. ಚಿಗರಿ ಬಸ್ ಬಂದ ಮ್ಯಾಲ ಇದು ಭಾಳ ಸರಳ ಆಗೇತಿ. 2018ರ ಅಕ್ಟೋಬರ್ ಎರಡಕ್ಕ ಗಾಂಧಿ ಜಯಂತಿ ದಿನಾ ಓಡಸಾಕ ಶುರು ಮಾಡಿದ್ರು, ಸುಮಾರು 22 ಕಿಲೋಮೀಟರ್ ರೋಡಿನ ನಟ್ಟನಡುವ ಅದಕ್ಕ ಬ್ಯಾರೆ ಲೇನು, ಸಿಗ್ನಲ್ಲು ಬಿಟ್ರ ಯಾರೂ ಅಡ್ಡ ಬರಂಗಿಲ್ಲ. ಮುಂಜಾನಿ ಆರೂವರಿ ಏಳರ ಬಸ್ಸಿಗೆ ಎಡಕ್ಕ ಕಿಡಕಿ ಸೀಟ್ ಹಿಡದು ಕುಂದರ್ರಿ. ಹುಬ್ಬಳ್ಳಿ ಆಚೆ ಮೂಡಲಕ್ಕ ಎರಿ ಭೂಮಿ, ಧಾರವಾಡದ ಕಡೆ ಹೊಂಟಂಗ ಮಸಾರಿ ಮಣ್ಣು, ಗಿಡಾ ಜಾಸ್ತಿ, ಗಾಳಿ ಒಂದೀಟು ಥಂಡಿ. ಇಪ್ಪತ್ತ ಕಿಲೋಮೀಟರಿನಾಗ ಬಯಲಸೀಮಿಯಿಂದ ಮಲೆನಾಡಿನ ಹೊಸ್ತಿಲಕ್ಕ ಬಂದಿರ್ತೀರಿ, ಬರೇ ಫೋನ್ ನೋಡಕೋತ ಕುಂತವರಿಗೆ ಅದು ತಿಳಿಯೋದಿಲ್ಲ ಅಷ್ಟ.

ಧಾರವಾಡದಾಗ ಮೊದಲ ಹೋಗಬೇಕಾದದ್ದು ಕರ್ನಾಟಕ ವಿಶ್ವವಿದ್ಯಾಲಯದ ಕ್ಯಾಂಪಸ್‌ಗೆ. ಕಾರ್ತಿಕದ ಮುಂಜಾನಿ ಅಲ್ಲಿ ಮಂಜು ಬಿದ್ದಿರ್ತೈತಿ, ಗಿಡದ ಕೆಳಗ ಮಫ್ಲರ್ ಸುತ್ತಿಕೊಂಡ ರಿಟೈರ್ಡ್ ಮಾಸ್ತರು ಗುಂಪಗೂಡಿ ಹೊಂಟಿರ್ತಾರ, ಒಬ್ಬರಿಗೂ ಅವಸರ ಇಲ್ಲ, ವಾಕಿಂಗ್ ಕಡಿಮಿ ಮಾತು ಜಾಸ್ತಿ. ಅವರ ಹಿಂದ ಒಂದು ಹತ್ತು ಹೆಜ್ಜಿ ಬಿಟ್ಟು ನಡೀರಿ, ನಾಕಾಣೆ ಖರ್ಚಿಲ್ಲದ ಸಾಹಿತ್ಯ ವಿಮರ್ಶೆ, ರಾಜಕೀಯ, ಮಂಡಿನೋವಿನ ಔಷಧ ಎಲ್ಲಾ ಕಿವಿಗೆ ಬೀಳ್ತಾವ. ಒಮ್ಮೆ ಇಬ್ಬರು ಅಜ್ಜಾರು ಒಂದು ವಚನದ ಅರ್ಥಕ್ಕ ಎಷ್ಟು ಜಗಳಾಡಿದ್ರಂದ್ರ, ಒಬ್ಬರು ಸಿಟ್ಟಿಗೆದ್ದು ಬ್ಯಾರೆ ದಾರಿ ಹಿಡದು ಹೊಂಟ್ರು, ಮತ್ತ ಗೇಟಿನ ಹತ್ರ ಚಾದ ಅಂಗಡಿಗೆ ಬರೋದ್ರೊಳಗ ಇಬ್ಬರೂ ಒಂದ ಬೆಂಚಿನ ಮ್ಯಾಲ ಕುಂತಿದ್ರು, ಜಗಳ ಮುಂದುವರದಿತ್ತು.

ಅಲ್ಲಿಂದ ಸಾಧನಕೇರಿ. ಕೆರಿ ಅಂದ್ರ ಭಾಳ ದೊಡ್ಡದೇನಲ್ಲ, ಸುತ್ತ ಗಾರ್ಡನ್ ಮಾಡ್ಯಾರ, ಒಂದು ಸುತ್ತ ಹಾಕಾಕ ಹೊತ್ತ ಹಿಡಿಯಂಗಿಲ್ಲ. ಆದ್ರ ಬೇಂದ್ರೆಯವರ ಮನಿ 'ಶ್ರೀಮಾತಾ' ಇರೋದು ಇಲ್ಲೇ, ಬಾಜೂಕ ಬೇಂದ್ರೆ ಭವನ ಐತಿ, ಫೋಟೊ ಪುಸ್ತಕ ಇಟ್ಟಾರ. 1973ರಾಗ ಜ್ಞಾನಪೀಠ ಬಂದ ಮನಷಾ ದಿನಾ ಇದ ದಂಡಿಗೆ ಅಡ್ಡಾಡ್ತಿದ್ದ ಅನ್ನೋದು ನೆನಸಕೊಂಡು ನಾನು ಪ್ರತಿಸಲ ಒಂದೀಟು ನೆಟ್ಟಗ ನಡೀತೀನಿ, ನಗಬ್ಯಾಡ್ರಿ. ಮುಂಜಾನಿ ಎಂಟರ ಒಳಗ ಹೋದ್ರ ನೀರಿನ ಮ್ಯಾಲಿನ ಮಂಜು ಇನ್ನೂ ಎದ್ದಿರೋದಿಲ್ಲ, ಒಂಬತ್ತರ ಮ್ಯಾಲ ಹೋದ್ರ ಅದೂ ಎಲ್ಲಾ ಊರಾಗಿನಂಥಾ ಒಂದು ಕೆರಿ.

ಮಂಜಿನ ಮಾತು ಬಂತಲ್ಲ, ಇನ್ನೊಂದು ಹೇಳ್ಬೇಕು. ಧಾರವಾಡ ಕುಂತದ್ದ ನೀರು ಹೋಳಾಗೋ ದಿಬ್ಬದ ಮ್ಯಾಲ. ಸೋಮೇಶ್ವರ ಗುಡಿ ಹತ್ರ ಹುಟ್ಟೋ ಶಾಲ್ಮಲಾ ಪಡವಲಕ್ಕ ಹೊಂಟು ಬೇಡ್ತಿ ಕೂಡಿ, ಮುಂದ ಗಂಗಾವಳಿ ಅಂತ ಹೆಸರಾಗಿ ಅರಬ್ಬೀ ಸಮುದ್ರಕ್ಕ ಹೋಗ್ತೈತಿ. ಮೂಡಲಕ್ಕ ಬಿದ್ದ ಮಳಿ ಬೆಣ್ಣಿಹಳ್ಳ ಸೇರಿ ಮಲಪ್ರಭಾ, ಕೃಷ್ಣಾ ಹಿಡದು ಬಂಗಾಳದ ಕೊಲ್ಲಿಗೆ. ಸೋಮೇಶ್ವರಕ್ಕ ಈ ತಿಂಗಳನ ಹೋಗಬೇಕು, ಯಾಕಂದ್ರ ಮಳಿಗಾಲದಾಗ ಜಾರ್ತೈತಿ, ಬ್ಯಾಸಿಗ್ಯಾಗ ನೀರ ಇರೋದಿಲ್ಲ.

ಸಂಗೀತದ ಹುಚ್ಚಿದ್ದವರು ಮಲ್ಲಿಕಾರ್ಜುನ ಮನ್ಸೂರರ ಮನಿ 'ಮೃತ್ಯುಂಜಯ' ನೋಡ್ರಿ, ಈಗ ಸ್ಮಾರಕ ಮಾಡ್ಯಾರ. ಪೇಡೆ ವಿಷಯ ನಾನು ಹೆಚ್ಚು ಬರೆಯೋದಿಲ್ಲ, ಲೈನ್ ಬಜಾರದ ಅಂಗಡಿ ಮುಂದ ಪಾಳಿ ನಿಂತ್ರ ನಿಮಗ ತಿಳೀತೈತಿ, ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನ ಶುರು ಮಾಡಿದ್ದು, ಖವಾ ಕಂದು ಬಣ್ಣಕ್ಕ ಬರೋತನಕ ಹುರಿಯೋದ ಅದರ ಗುಟ್ಟು, ಜಿಐ ಟ್ಯಾಗ್ ಐತಿ, ಸಾಕು. ಅದಕ್ಕಿಂತ ನಾನು ಪೇರಲಹಣ್ಣಿನ ಬುಟ್ಟಿ ಹುಡುಕ್ಕೋತ ಹೋಗ್ತೀನಿ. ಧಾರವಾಡದ ಪೇರಲ ಈ ಹೊತ್ತಿಗೆ ಬರಾಕ ಹತ್ತಿರ್ತೈತಿ, ಹಳ್ಳಿ ಕಡೆಯಿಂದ ಹೆಣ್ಮಕ್ಕಳು ಬುಟ್ಟಿ ಇಟ್ಕೊಂಡು ಫುಟ್‌ಪಾತ್ ಮ್ಯಾಲ ಕುಂತಿರ್ತಾರ, ನಾಕ ಹೋಳು ಮಾಡಿ ಉಪ್ಪು ಖಾರ ಸವರಿ ಕೊಡ್ತಾರ, ಒಳಗ ಕೆಂಪ ಇದ್ದದ್ದು ಬೇಕಂದ್ರ ಕೇಳಿ ಇಸಕೋಬೇಕು. ಬಾಜೂಕ ಸೀತಾಫಲ. ಸೀತಾಫಲ ಆರಿಸೋದು ನಮ್ಮ ಅತ್ತಿಯವರ ಹತ್ರ ಕಲತದ್ದು, ಕಣ್ಣು ಕಣ್ಣಿನ ನಡುವಿನ ಗೆರಿ ಬೆಳ್ಳಗಾಗಿ ಬಿಟ್ಟಿರಬೇಕು, ಗಟ್ಟಿ ಇದ್ರೂ ಆತು, ಮನ್ಯಾಗ ಹಿಟ್ಟಿನ ಡಬ್ಬಿಯೊಳಗ ಇಟ್ರ ಎರಡು ದಿನಕ್ಕ ಹಣ್ಣಾಗ್ತೈತಿ.

ಧಾರವಾಡದ ಸಂಜೀಗೆ ಒಂದು ವಿನಾಯಿತಿ ಕೊಡ್ಲೇಬೇಕು, ಇಲ್ಲಂದ್ರ ಧಾರವಾಡದ ಮಂದಿ ನನ್ನ ಬಿಡಂಗಿಲ್ಲ. ಕರ್ನಾಟಕ ವಿದ್ಯಾವರ್ಧಕ ಸಂಘದಾಗ, ಅಂದ್ರ 1890ರಾಗ ಶುರು ಆದ ಸಂಘದಾಗ, ನವೆಂಬರ್ ತಿಂಗಳಂತೂ ಸಂಜಿ ಯಾವುದರೆ ಭಾಷಣ, ಪುಸ್ತಕ ಬಿಡುಗಡೆ, ಗಾಯನ ಇದ್ದೇ ಇರ್ತೈತಿ, ಕರ್ನಾಟಕ ಕಾಲೇಜಿನ ಆವರಣದ ಸೃಜನಾ ರಂಗಮಂದಿರದಾಗ ನಾಟಕ ಇಲ್ಲಾ ಸಂಗೀತ. ಭಾಳಷ್ಟಕ್ಕ ಟಿಕೆಟ್ ಇರಂಗಿಲ್ಲ. ಪೇಪರಿನಾಗ 'ಇಂದಿನ ಕಾರ್ಯಕ್ರಮ' ಕಾಲಂ ನೋಡಿ ಹೋಗ್ರಿ. ಹೋದ್ರ ಹಿಂದಿನ ಸಾಲಿನಾಗ ಕುಂದರ್ರಿ, ಮುಂದಿನ ಸಾಲಿನಾಗ ಕುಂತವರನ್ನ ಸನ್ಮಾನಕ್ಕ ಕರದು ಬಿಡ್ತಾರ ಅಂತ ಇಲ್ಲಿ ಒಂದು ಹೆದರಿಕಿ.

ಮಧ್ಯಾಹ್ನ ಎಲ್ಲೆರ ಖಾನಾವಳಿಯೊಳಗ ಉಂಡು ಬಿಡ್ರಿ. ಬಿಸಿ ರೊಟ್ಟಿ, ಎಣಗಾಯಿ, ಕಾಳಪಲ್ಯ, ಗುರೆಳ್ಳ ಚಟ್ನಿ, ಜೋಡಿಗೆ ಹಸಿ ತಪ್ಪಲ. ಈ ತಪ್ಪಲಾ ಅನ್ನೋದು ಥಂಡಿಗಾಲಕ್ಕ ರುಚಿ ಏರ್ತೈತಿ, ಹಕ್ಕರಕಿ, ಮೆಂತೆ, ಎಳೀ ಮೂಲಂಗಿ, ಉಳ್ಳಾಗಡ್ಡಿ ತಪ್ಪಲ, ಊಟದ ತಾಟಿನ ದಂಡಿಗೆ ಒಂದು ಮುಟಿಗಿ ಇಡ್ತಾರ. ಬೆಂಗಳೂರಿನವರು ಅದನ್ನ ಅಲಂಕಾರಕ್ಕ ಇಟ್ಟಾರಂತ ತಿಳಕೊಂಡು ಹಂಗ ಬಿಟ್ಟು ಏಳ್ತಾರ, ಕಣ್ಣಾಗ ನೀರು ಬರ್ತೈತಿ ನೋಡಿ.

ಈಗ ಹುಬ್ಬಳ್ಳಿ. ಐದು ಗಂಟೆಕ್ಕ ಉಣಕಲ್ಲಿನಾಗ ಇಳೀರಿ, ಹೊತ್ತು ಆರರ ಸುಮಾರಿಗೆ ಮುಳುಗ್ತೈತಿ, ತಡ ಮಾಡೋಹಂಗಿಲ್ಲ. ಉಣಕಲ್ ಕೆರಿ ಎಲ್ಲಾರಿಗೂ ಗೊತ್ತು, ನಡುವ ವಿವೇಕಾನಂದರ ಮೂರ್ತಿ, ಹುಡುಗರು ಸೆಲ್ಫಿ ತೊಗೋತಾರ, ಕುರಕುರಿ ಮಾರ್ತಾರ. ಆದ್ರ ಅಲ್ಲೇ ಊರೊಳಗ ಚಂದ್ರಮೌಳೇಶ್ವರ ಗುಡಿ ಐತಿ, ಚಾಲುಕ್ಯರ ಕಾಲದ್ದು, ಹುಬ್ಬಳ್ಯಾಗ ಹುಟ್ಟಿ ಬೆಳದವರೂ ಎಷ್ಟೋ ಮಂದಿ ನೋಡಿಲ್ಲ. ನಾಕೂ ದಿಕ್ಕಿಗೆ ಬಾಗಲಿರೋ ಗುಡಿ, ಸಂಜಿ ಬಿಸಲು ಪಡುವಣ ಬಾಗಲದಿಂದ ಒಳಗ ಬಂದಾಗ ಕಂಬದ ಮ್ಯಾಲಿನ ಕೆತ್ತನಿ ಎದ್ದು ಕಾಣ್ತೈತಿ, ಮಧ್ಯಾಹ್ನ ಹೋದ್ರ ಅದ ಕಲ್ಲು ಸಪ್ಪಗ ಕಾಣ್ತೈತಿ. ಸುತ್ತಲೂ ಮನಿಗೋಳು, ಅಂಗಳದಾಗ ಮುಸರಿ ತೊಳಿಯೋ ಸಪ್ಪಳ, ಶಾಲಿ ಬಿಟ್ಟ ಹುಡುಗರ ಗದ್ದಲ. ಅದ ನನಗ ಸೇರ್ತೈತಿ. ಬೇಲಿ ಹಾಕಿ ಹುಲ್ಲು ಬೆಳಸಿ ಮೌನ ಮಾಡಿಟ್ಟ ಗುಡಿಗೋಳಿಗಿಂತ ಇಂಥಾದ್ದರಾಗ ಕುಂದರಾಕ ಮನಸ್ಸು ಬರ್ತೈತಿ.

ನೃಪತುಂಗ ಬೆಟ್ಟದ ಬಗ್ಗೆ ಕೇಳೋರು ಭಾಳ. ಅದು ಮಾತ್ರ ಮುಂಜಾನಿ ಜಾಗ, ಹುಬ್ಬಳ್ಯಾಗ ಅದೊಂದ ನನ್ನ ಲೆಕ್ಕ ತಪ್ಪಸ್ತೈತಿ. ಬೇಕಾದ್ರ ಧಾರವಾಡಕ್ಕ ಹೋಗದ ದಿನಾ ಹೋಗ್ರಿ.

ಮಂದಿ ನಗಲಿ ಬಿಡಲಿ, ಕಾರ್ತಿಕದ ಸಂಜೀಗೆ ನಾನು ಎಲ್ಲಾರಿಗೂ ಹೇಳೋದು ರೈಲ್ವೆ ಸ್ಟೇಷನ್. ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಎಂಟನೇ ಪ್ಲಾಟ್‌ಫಾರ್ಮ್ 1,507 ಮೀಟರ್, 2023ರ ಮಾರ್ಚ್ 12ಕ್ಕ ಉದ್ಘಾಟನೆ ಆತು, ಜಗತ್ತಿನಾಗ ಇದಕ್ಕಿಂತ ಉದ್ದಂದು ಇಲ್ಲ ಅಂತ ಗಿನ್ನೆಸ್‌ದವರು ಬರಕೊಂಡಾರ, ಮೊದಲ ಆ ಹೆಸರು ಗೋರಖಪುರಕ್ಕಿತ್ತು. ಪ್ಲಾಟ್‌ಫಾರ್ಮ್ ಟಿಕೆಟ್ ತೊಗೊಂಡು ಆ ತುದಿಯಿಂದ ಈ ತುದಿಗೆ ನಡೀರಿ, ಆರಾಮ ನಡದ್ರ ಇಪ್ಪತ್ತ ನಿಮಿಷ, ಹೋಗಿ ಬಂದ್ರ ಮೂರು ಕಿಲೋಮೀಟರ್ ವಾಕಿಂಗ್ ಆತು, ರೋಡ್ ಕ್ರಾಸ್ ಮಾಡೋದಿಲ್ಲ, ನಾಯಿ ಬೆನ್ನ ಹತ್ತೋದಿಲ್ಲ. ನಡುವಿಗೆ ಬಂದ್ರ ಎರಡೂ ತುದಿ ಕಾಣಂಗಿಲ್ಲ. ನಮ್ಮ ಮನಿಯವರು ಮೊದಲ ಸಲ ಬಂದಾಗ "ಇದಕ್ಕ ನಡುವ ಒಂದು ಸ್ಟಾಪ್ ಬೇಕಿತ್ತ ನೋಡು" ಅಂದ್ರು. ಮಕ್ಕಳಿದ್ರ ಗದಗ ರೋಡಿನಾಗಿನ ರೈಲ್ವೆ ಮ್ಯೂಸಿಯಂಗೂ ಕರಕೊಂಡು ಹೋಗಬಹುದು, 2020ರಾಗ ಆಗೇತಿ, ಮಲಪ್ರಭಾ ಘಟಪ್ರಭಾ ಅಂತ ಎರಡು ಹಳೀ ಕಾಟೇಜಿನಾಗ ಹಳೀ ಕಾಲದ ರೈಲ್ವೆ ಸಾಮಾನು ಜೋಡಿಸ್ಯಾರ, ಆದ್ರ ಅದಕ್ಕ ಮುಚ್ಚೋ ಟೈಮ್ ನೋಡಿಕೊಂಡು ಹೋಗ್ಬೇಕು.

ಸ್ಟೇಷನ್ನಿಂದ ದುರ್ಗದ ಬೈಲಿಗೆ ನಡಕೋತ ಹೋಗೋದು. ಗಿರ್ಮಿಟ್ ತಿನ್ನಾಕ. ಗಿರ್ಮಿಟ್ ಮಾಡೋದು ನಿಂತು ನೋಡಬೇಕು, ಪಾರ್ಸಲ್ ತೊಗೊಂಡು ಹೋದ್ರ ಚುರಮರಿ ಮೆತ್ತಗಾಗಿ ಹೋಗ್ತೈತಿ. ಉಳ್ಳಾಗಡ್ಡಿ, ಹುಣಸಿಹುಳಿ, ಬೆಲ್ಲ, ಹಸಿಮೆಣಸಿನಕಾಯಿ ಹಾಕಿ ಕುದಿಸಿದ ಗೊಜ್ಜು ಮೊದಲ ಬೋಗಾಣಿಗೆ, ಅದರ ಮ್ಯಾಲ ಚುರಮರಿ ಸುರವಿ ಎರಡು ಸೌಟಿನಿಂದ ಖಡ ಖಡ ಖಡ ಅಂತ ಹೊಡೀತಾರ, ಆಮ್ಯಾಲ ಪುಟಾಣಿ ಹಿಟ್ಟು, ಮತ್ತೊಮ್ಮೆ ಹೊಡತ, ಪ್ಲೇಟಿಗೆ ಹಾಕಿ ಮ್ಯಾಲ ಹಸಿ ಉಳ್ಳಾಗಡ್ಡಿ, ಟೊಮ್ಯಾಟೊ, ಕೊತಂಬರಿ, ಸೇವು. ಎರಡು ಮಿರ್ಚಿ ಬಾಜೂಕ. ಥಂಡಿಗಾಳ್ಯಾಗ ನಿಂತು ಬಾಯಿ ಸುಟಗೊಂಡು ಮಿರ್ಚಿ ಕಡಕೊಳ್ಳೋದು, ಮ್ಯಾಲೊಂದು ಕಟ್ ಚಾ. ಪುಟಾಣಿ ಹಿಟ್ಟು ಹಾಕದಿದ್ರ ಅದು ಭೇಲ್ ಆಗ್ತೈತಿ, ಗಿರ್ಮಿಟ್ ಆಗಂಗಿಲ್ಲ, ಈ ವಿಷಯದಾಗ ನನ್ನ ಜೋಡಿ ವಾದಕ್ಕ ಬರಬ್ಯಾಡ್ರಿ.

ಆದ್ರ ಇಡೀ ತಿಂಗಳಿಗೆ ನನಗ ಅತೀ ಪ್ರೀತಿದು ಗೌರಿ ಹುಣ್ಣಿವಿ. ದಕ್ಷಿಣದ ಕಡೆಯವರಿಗೆ ಗೌರಿ ಅಂದ್ರ ಗಣಪ್ಪನ ಜೋಡಿ ಭಾದ್ರಪದಕ್ಕ ಬಂದು ಹೋಗೋಕಿ. ನಮ್ಮ ಕಡೆ ಕಾರ್ತಿಕ ಹುಣ್ಣಿವಿಗೆ ಬ್ಯಾರೇನ ಗೌರಿ ಕೂಡಸ್ತಾರ, ಸಣ್ಣ ಹುಡುಗ್ಯಾರು ಹೊಸಾ ಲಂಗ ಉಟಗೊಂಡು ತಾಟಿನಾಗ ಸಕ್ಕರಿ ಆರತಿ ಇಟ್ಕೊಂಡು ಸಂಜಿಮುಂದ ಬೆಳಗಾಕ ಹೋಗ್ತಾರ. ಸಕ್ಕರಿ ಆರತಿ ಅಂದ್ರ ಸಕ್ಕರಿ ಗೊಂಬಿ, ಆನಿ, ಕುದರಿ, ನವಿಲು, ಬಸವಣ್ಣ, ತೇರು. ಹುಣ್ಣಿವಿಗೆ ಒಂದು ವಾರ ಮೊದಲಿಂದ ಹಳೇ ಹುಬ್ಬಳ್ಳಿ, ದುರ್ಗದ ಬೈಲಿನ ಸುತ್ತಲಿನ ಪ್ಯಾಟ್ಯಾಗ ಕಿಲೋ ಲೆಕ್ಕದಾಗ ಮಾರಾಕ ಇಟ್ಟಿರ್ತಾರ, ಬಿಳೇದು, ಹಳದಿ, ಗುಲಾಬಿ. ಎಲ್ಲಾರೂ ಅಂಗಡ್ಯಾಗಿಂದ ತೊಗೊಂಡು ಹೋಗ್ತಾರ, ನಾನು ಮಗಳನ್ನ ಕರಕೊಂಡು ಮಾಡೋ ಮನೀಗೇ ಹೋಗಿದ್ದೆ, ಪರಿಚಯದವರ ಓಣ್ಯಾಗ ಒಬ್ಬ ಆಯಿ ವರ್ಷಾ ಮಾಡ್ತಾಳ.

ಆ ಮನಿ ಪಡಸಾಲಿ ತುಂಬ ಸಾಗವಾನಿ ಅಚ್ಚು, ಎರಡೆರಡು ಹೋಳು, ಬಕೀಟಿನ ನೀರಾಗ ನೆನಿ ಹಾಕಿಟ್ಟಿದ್ರು, ಒಣಾ ಅಚ್ಚಿಗೆ ಸುರವಿದ್ರ ಪಾಕ ಕಟಗಿ ಹಿಡಕೊಂಡು ಬಿಡ್ತೈತಂತ. ಒಲಿ ಮ್ಯಾಲ ಸಕ್ಕರಿ ಕುದೀತಿತ್ತು, ಆಯಿ ಒಂದೀಟು ಹಾಲು ಬಿಟ್ಟಳು, ಸಕ್ಕರ್ಯಾಗಿನ ಹೊಲಸೆಲ್ಲಾ ನೊರಿ ಆಗಿ ಮ್ಯಾಲ ಬಂತು, ಅದನ್ನ ಸೌಟಿಲೆ ತಗದು ಚೆಲ್ಲಿದಳು. ಪಾಕ ಏರಿದ ಮ್ಯಾಲ ಸಣ್ಣ ಬೋಗಾಣಿಗೆ ಬಗ್ಗಿಸಿ ಕಟಗಿ ಹುಟ್ಟಿಲೆ ದಂಡಿಗೆ ತಿಕ್ಕಾಕ ಹತ್ತಿದಳು, ನೀರಿನಂಗಿದ್ದ ಪಾಕ ನಮ್ಮ ಕಣ್ಣ ಮುಂದ ಬೆಳ್ಳಗಾತು. ಆ ಬಣ್ಣ ಬಂದ ಕೂಡ್ಲೆ ದಾರದಿಂದ ಬಿಗದ ಅಚ್ಚಿನ ಬಾಯಿಗೆ ಸುರವಬೇಕು, ಒಂದು ಚೂರು ತಡ ಆದ್ರ ಬೋಗಾಣ್ಯಾಗ ಗಟ್ಟಿ ಆಗ್ತೈತಿ. ಸ್ವಲ್ಪ ಹೊತ್ತಿನ ಮ್ಯಾಲ ದಾರಾ ಬಿಚ್ಚಿ ಹೋಳು ಬಿಡಸಿದಳು, ಒಳಗ ಆನಿ, ಸೊಂಡಿ ಸುದ್ದಾ. ನನ್ನ ಮಗಳು ಕೈ ಚಾಚಿದ್ದಕ್ಕ "ತಡಿಯವಾ, ಒಳಗ ಇನ್ನೂ ಬಿಸಿ ಐತಿ, ಕಾಲು ಮುರಿದ್ರ ಮತ್ತ ಕುಂಟಾನಿ ಬೆಳಗ್ತಿ ಏನ ಗೌರಿಗೆ?" ಅಂದಳು. ಅಂಚಿಗೆ ಬಂದ ಸಕ್ಕರಿ ಚಾಕೂಲೆ ಕೆತ್ತಿ ಆ ಚೂರು ಅವಳ ಕೈಗೆ ಹಾಕಿದಳು.

ಅಚ್ಚು ಯಾವ ಕಾಲದ್ದು ಆಯಿ ಅಂತ ಕೇಳಿದೆ. "ನಮ್ಮ ಅತ್ತಿ ಕಾಲದ್ದವಾ, ಈಗ ಇಂಥಾವು ಕೆತ್ತೋರು ಎಲ್ಲಿ ಅದಾರ, ಈ ಕುದರಿದೊಂದು ಕಿವಿ ಸವದು ಹೋಗೇತಿ ನೋಡು" ಅಂತ ತೋರಿಸಿದಳು. ಖರೇನ, ಆ ಅಚ್ಚಿನಿಂದ ಬಂದ ಕುದರಿಗೋಳು ಎಲ್ಲಾ ಒಂದ ಕಿವಿದು.

ನಿಶ್ಚೆ ಆದ ಹುಡುಗಿ ಇದ್ರ ಗಂಡಿನ ಮನಿಯವರು ಸೀರಿ ಜೋಡಿ ಸಕ್ಕರಿ ಆರತಿ ತರೋ ಪದ್ಧತಿ ಇನ್ನೂ ಐತಿ, ಹಂಗಾಗಿ ದೊಡ್ಡ ದೊಡ್ಡ ತೇರು ಗೋಪುರ ಆರ್ಡರಿಗೆ ಮಾಡ್ತಾರ. ಹುಣ್ಣಿವಿ ಮುಗದ ಮ್ಯಾಲ ಆ ಆನಿ ಕುದರಿ ಎಲ್ಲಾ ಚಾದ ಡಬ್ಬಿಗೆ ಹೋಗ್ತಾವ, ನಮ್ಮ ಮನ್ಯಾಗ ಡಿಸೆಂಬರ್ ತನಕ ನವಿಲ ಹಾಕಿದ ಚಾ ಕುಡೀತೀವಿ.

ಇನ್ನ ಕಾರ್ತಿಕ, ಅಂದ್ರ ಗುಡಿಯೊಳಗ ದೀಪ ಹಚ್ಚೋ ಹಬ್ಬ. ನಮ್ಮ ಕಡೆ ಪ್ರತಿ ಗುಡಿಗೂ ಅದರದ್ದ ಒಂದು ದಿನಾ ಇರ್ತೈತಿ, ಹಣಮಪ್ಪನ ಕಾರ್ತಿಕ, ಬಸವಣ್ಣನ ಕಾರ್ತಿಕ, ಕರೆವ್ವನ ಕಾರ್ತಿಕ, ಇವತ್ತ ಈ ಓಣಿ ನಾಳೆ ಆ ಓಣಿ, ಕೆಲವು ಕಡೆ ಮುಂದ ಮಾರ್ಗಶಿರಕ್ಕೂ ಎಳದು ಹೋಗ್ತೈತಿ. ಪಾಂಪ್ಲೆಟ್ ಇರಂಗಿಲ್ಲ, ಗೂಗಲ್‌ದಾಗ ಸಿಗಂಗಿಲ್ಲ. ಸಂಜಿ ಏಳರ ಸುಮಾರಿಗೆ ಹಳೇ ಓಣಿಗೋಳಾಗ ಅಡ್ಡಾಡ್ರಿ, ಎಲ್ಲಿ ಮಂದಿ ಎಣ್ಣಿ ಬಾಟ್ಲಿ ಹಿಡಕೊಂಡು ಹೊಂಟಾರ ಅವರ ಹಿಂದ ಹೋಗ್ರಿ. ಕಟ್ಟಿ ಮ್ಯಾಲ, ಮೆಟ್ಟಲ ಮ್ಯಾಲ, ಕಂಪೌಂಡ್ ಮ್ಯಾಲ ಪಣತಿ ಸಾಲು, ಹುಡುಗ್ರು ಒಂದು ದೀಪದಿಂದ ಇನ್ನೊಂದಕ್ಕ ಹಚ್ಚಕೋತ ಓಡಾಡ್ತಾವ, ಯಾರದೋ ದಾವಣಿ ಬೆಂಕಿಗೆ ತಾಗೀತು ಅಂತ ಮುದುಕ್ಯಾರು ಒದರ್ತಾರ. ನೀವು ಯಾರು ಎಲ್ಲಿಯವರು ಅಂತ ಒಬ್ಬರೂ ಕೇಳೋದಿಲ್ಲ, ಕೇಳಿದ್ರೂ ಪ್ರಸಾದ ಕೊಟ್ಟ ಮ್ಯಾಲ ಕೇಳ್ತಾರ. ಪಳಾರದಾಗ ಚುರಮರಿ ಸಿಗ್ತೈತಿ, ಒಳ್ಳೆ ಓಣಿ ಇದ್ರ ಶಿರಾ.

ಇದರ ದೊಡ್ಡಣ್ಣ ಅಂದ್ರ ಸಿದ್ಧಾರೂಢ ಮಠದ ಲಕ್ಷ ದೀಪೋತ್ಸವ, ಕಾರ್ತಿಕ ಅಮಾಸಿಗೆ. ಸಿದ್ಧಾರೂಢರು 1929ರಾಗ ಸಮಾಧಿ ಆದ್ರು, ಇವತ್ತಿಗೂ ಜಾತಿ ಧರ್ಮ ಕೇಳದ ಬಂದವರಿಗೆಲ್ಲಾ ಊಟ ಹಾಕೋ ಮಠ. ಅವತ್ತ ಗದ್ದಲ ಇರ್ತೈತಿ, ಭಾಳ ಗದ್ದಲ, ಗಾಡಿ ಒಯ್ಯಬ್ಯಾಡ್ರಿ, ಸಣ್ಣ ಮಕ್ಕಳ ಕಿಸೆದಾಗ ಫೋನ್ ನಂಬರ್ ಬರದು ಇಡ್ರಿ. ಗದ್ದಲ ಸೇರದವರಿಗೆ ನನ್ನ ಸಲಹೆ ಏನಂದ್ರ ಅಮಾಸಿ ಬಿಟ್ಟು ಕಾರ್ತಿಕದ ಯಾವುದರೆ ಸಾದಾ ದಿನಾ ಸಂಜಿ ಹೋಗಿ ಮಠದ ಆವರಣದಾಗ ಕುಂತು, ಊಟಾ ಮಾಡಿ ಬರ್ರಿ.

ಮಾಲ್, ಮಲ್ಟಿಪ್ಲೆಕ್ಸ್, ಗಾಜಿನ ಮನಿ ಇವನ್ನೆಲ್ಲಾ ನಾನು ಬಿಟ್ಟೀನಿ. ಗಾಜಿನ ಮನಿ ಮಕ್ಕಳಿಗೆ ಛಲೋ, ಉಳದದ್ದು ನಿಮ್ಮೂರಾಗೂ ಐತಿ. ಹಾವೇರಿ ಕಡೆ ಬ್ಯಾಡಗಿ ಮಾರ್ಕೆಟ್ಟಿನಾಗ ಕೆಂಪ ಮೆಣಸಿನಕಾಯಿ ರಾಶಿ ನೋಡೋ ಆಸೆ ಇದ್ದವರು ಇನ್ನೂ ಸ್ವಲ್ಪ ತಡೀರಿ, ಅದರ ಜೋರು ಹೊಸ ವರ್ಷದ ಮ್ಯಾಲ.

ಒಂದು ದಿನಾ ಹೆಚ್ಚಿಗಿ ಇದ್ರ ಗದಗ ಜಿಲ್ಲಾದ ಮಾಗಡಿ ಕೆರಿ. ಬೆಂಗಳೂರಿನ ಮಾಗಡಿ ಅಲ್ರಿ, ಶಿರಹಟ್ಟಿ ತಾಲೂಕಿಂದು. ಹುಬ್ಬಳ್ಳಿಯಿಂದ ಕುಂದಗೋಳ ಮ್ಯಾಲಿಂದ ಲಕ್ಷ್ಮೇಶ್ವರಕ್ಕ ಹೋಗ್ರಿ, ಆ ರೋಡಿನಾಗ ಈ ತಿಂಗಳ ಎರಡೂ ಕಡೆ ಹತ್ತಿ ಒಡದು ಬೆಳ್ಳಗ ನಿಂತಿರ್ತೈತಿ, ಹಿಂಗಾರಿ ಜೋಳ ಕಡ್ಲಿ ಆಗಷ್ಟ ಎದ್ದಿರ್ತಾವ. ಕುಂದಗೋಳ ಅಂದ್ರ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಊರು, ಭೀಮಸೇನ ಜೋಶಿಯವರು ಬಂದು ಕಲತದ್ದು ಅವರ ಹತ್ರಾನ. ಲಕ್ಷ್ಮೇಶ್ವರ ಅಂದ್ರ ಹಳೀ ಪುಲಿಗೆರೆ, ಸೋಮೇಶ್ವರ ಗುಡ್ಯಾಗ ನಂದಿ ಮ್ಯಾಲ ಕುಂತ ಶಿವ ಪಾರ್ವತಿ ಮೂರ್ತಿ ಐತಿ, ಅದನ್ನ ನೋಡದ ಮುಂದ ಹೋಗಬ್ಯಾಡ್ರಿ.

ಮಾಗಡಿ ಕೆರಿಗೆ ಥಂಡಿಗಾಲಕ್ಕ ಮಂಗೋಲಿಯಾ, ಟಿಬೆಟ್ ಕಡೆಯಿಂದ ಪಟ್ಟೆ ತಲೆ ಹೆಬ್ಬಾತು ಬರ್ತಾವ, ಹಿಮಾಲಯ ದಾಟಿ. ಬೂದ ಮೈ, ಬಿಳೀ ತಲಿ, ತಲಿ ಹಿಂದ ಎರಡು ಕರೀ ಪಟ್ಟಿ. ಮೊದಲನೇ ಗುಂಪು ನವೆಂಬರದಾಗ ಇಳೀತಾವ, ಮಾರ್ಚ್ ಹೊತ್ತಿಗೆ ಹೊಳ್ಳಿ ಹೋಗ್ತಾವ. ಮೀನ ತಿನ್ನೋ ಹಕ್ಕಿ ಅಲ್ಲ ಇವು, ಸುತ್ತಲಿನ ಹೊಲದಾಗ ಕಾಳು, ಶೇಂಗಾ, ಹುಲ್ಲು ಮೇದು ಬಂದು ನೀರಾಗ ಸುಮ್ನ ತೇಲಕೋತ ಇರ್ತಾವ, ಹೊಲಕ್ಕ ಹೋಗೋವಾಗ ಇಲ್ಲಾ ಹೊಳ್ಳಿ ಬರೋವಾಗ ಗುಂಪಿಗೆ ಗುಂಪ ಏಳೋದು ನೋಡಬೇಕು, ಅದಕ್ಕ ಬೆಳಗ್ಗೆ ಲಗೂ ಇಲ್ಲಾ ಹೊತ್ತು ಮುಳುಗೋ ಮುಂದ ಅಲ್ಲಿರ್ಬೇಕು. 2024ರಾಗ ರಾಮ್ಸಾರ್ ಪಟ್ಟಿಗೆ, ಅಂದ್ರ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರೇತಿ ಈ ಕೆರಿ, ಅಲ್ಲಿತನಕ ನಮ್ಮ ಕಡೆಯವರ ಎಷ್ಟೋ ಮಂದಿಗೆ ಗೊತ್ತಿರಲಿಲ್ಲ.

ಕೆಂಪು ಹಳದಿ ಅಂಗಿ ಬಿಟ್ಟು ಮಣ್ಣಿನ ಬಣ್ಣದ್ದು ಹಾಕ್ಕೊಂಡು ಹೋಗ್ರಿ, ದುರ್ಬೀನು ಇದ್ರ ಒಯ್ಯಿರಿ, ಮೊಬೈಲಿನಾಗ ಫೋಟೊ ತಗದ್ರ ಬರೇ ಚುಕ್ಕಿ ಬರ್ತಾವ. ಊಟ ಲಕ್ಷ್ಮೇಶ್ವರದಾಗ ಮುಗಿಸಿಕೊಂಡು ಹೋಗೋದ ಛಲೋ. ಡಿಸೆಂಬರ್ ನಡುವ ಹೋದ್ರ ಹಕ್ಕಿ ಜಾಸ್ತಿ, ನವೆಂಬರ್ ಕಡೀಕ ಹೋದ್ರ ಮಂದಿ ಕಡಿಮಿ. ನಾನಂತೂ ನವೆಂಬರ್ ಕಡೀಕ ಹೋಗ್ತೀನಿ.